ಪರದೇಶದ ಮಗುವಿಗೆ ನಮ್ಮ ಮಡಿಲು: ದತ್ತು ಸ್ವೀಕಾರಕ್ಕೆ ಸರಿಯಾದ ಬಾಗಿಲು ಯಾವುದು?

ಗೃಹಸ್ಥ ಜೀವನವನ್ನು ಕೀಳೆಂದು ಕಾಣದೆ, ಸತಿಪತಿಗಳು ಕೂಡಿ ನಡೆಸುವ ಕಾಯಕ ದಾಸೋಹಗಳಲ್ಲಿಯೇ ಶಿವಪಥವನ್ನು ತೋರಿಸಿದವರು ನಮ್ಮ ಬಸವಾದಿ ಶರಣರು. ಅಂತಹ ಗೃಹಸ್ಥರ ಮನೆಯಲ್ಲಿ ತೊಟ್ಟಿಲು ಕಟ್ಟುವ ಭಾಗ್ಯ ಒದಗದಿದ್ದಾಗ ಹಿರಿಯರ ಮನಸ್ಸು ಕಲಕುವುದು ಸಹಜವೇ ಆಗಿದೆ. ತಮ್ಮನ ಮಗನನ್ನು ಅಣ್ಣನು, ತಂಗಿಯ ಮಗಳನ್ನು ಸೋದರಮಾವನು ಮಡಿಲಿಗೆ ತೆಗೆದುಕೊಂಡು ಸಾಕಿ ಸಲಹಿದ ನಿದರ್ಶನಗಳು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಆದರೆ ಕಾಲ ಬದಲಾಗಿದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ನಮ್ಮ ಭಕ್ತರ ಮಕ್ಕಳು ಇಂದು ಅಮೆರಿಕ, ಆಸ್ಟ್ರೇಲಿಯ, ಕೊಲ್ಲಿ ದೇಶಗಳಲ್ಲಿ ನೆಲೆಸಿದ್ದಾರೆ. ಅಲ್ಲಿ ಹುಟ್ಟಿದ ಮಗುವನ್ನು ಇಲ್ಲಿಯ ಮನೆಗೆ ದತ್ತು ತರಬೇಕೆಂಬ, ಇಲ್ಲಿಯ ಮಗುವನ್ನು ಅಲ್ಲಿಗೆ ಕಳುಹಿಸಬೇಕೆಂಬ ಆಸೆಗಳು ಹುಟ್ಟುತ್ತಿವೆ. ಆಸೆ ಒಳ್ಳೆಯದು. ಆದರೆ ಯಾವ ಅಧಿಕಾರಿಯ ಬಳಿಗೆ ಹೋಗಬೇಕೆಂಬ ತಿಳಿವಳಿಕೆ ಇಲ್ಲದೆ ಹೊರಟರೆ, ಆ ಒಳ್ಳೆಯ ಆಸೆಯೇ ಮಗುವಿನ ಬಾಳಿಗೆ ತೊಡಕಾಗಬಲ್ಲದು.

ಈಚೆಗೆ ಕೃಷ್ಣರಾಜನಗರ ತಾಲ್ಲೂಕಿನ ಒಂದು ಭಕ್ತ ಕುಟುಂಬದ ಹಿರಿಯ ದಂಪತಿಗಳು ಫಲತಾಂಬೂಲ ಹಿಡಿದು ನಮ್ಮಲ್ಲಿಗೆ ಬಂದಿದ್ದರು. ಅವರ ಹಿರಿಯ ಮಗನಿಗೆ ಮದುವೆಯಾಗಿ ಹದಿನಾಲ್ಕು ವರ್ಷಗಳಾದರೂ ಸಂತಾನವಿಲ್ಲ. ಮಗಳು ಅಮೆರಿಕದಲ್ಲಿದ್ದಾಳೆ. ಅವಳ ಎರಡನೆಯ ಗಂಡುಮಗುವಿಗೆ ಆಗ ಹತ್ತು ತಿಂಗಳು. ಆ ಮಗುವನ್ನು ಅಣ್ಣನ ಮಡಿಲಿಗೆ ಹಾಕಲು ಅವಳೂ ಅವಳ ಪತಿಯೂ ಮನಃಪೂರ್ವಕವಾಗಿ ಒಪ್ಪಿದ್ದರು.

"ಶಾಸ್ತ್ರಿಗಳೇ, ದಸರೆಗೆ ಮಗಳು ಕೂಸನ್ನು ಕರೆದುಕೊಂಡು ಬರುತ್ತಾಳೆ. ಇಲ್ಲೇ ಬಿಟ್ಟು ಹೋಗುತ್ತಾಳೆ. ಲಿಂಗಧಾರಣೆಗೆ ಒಂದು ದಿನ ಗೊತ್ತುಮಾಡಿ ಕೊಡಿ" ಎಂದರು ಯಜಮಾನರು. "ಕಾಗದಪತ್ರವೆಲ್ಲ ಆಯಿತೇ?" ಎಂದು ಕೇಳಿದೆವು. ಅವರು ಹೆಮ್ಮೆಯಿಂದ ಒಂದು ಛಾಪಾ ಕಾಗದವನ್ನು ಬಿಡಿಸಿ ತೋರಿಸಿದರು. ನೋಟರಿಯ ಮೊಹರು, ಇಬ್ಬರು ಸಾಕ್ಷಿಗಳ ಸಹಿ, ಮಗುವಿನ ಹೆಸರು ಎಲ್ಲವೂ ಅದರಲ್ಲಿದ್ದವು. ಆ ಮಗು ಯಾವ ದೇಶದ ಪ್ರಜೆ ಎಂಬ ಒಂದು ಮಾತು ಮಾತ್ರ ಇರಲಿಲ್ಲ. ನಾವು ದಿನ ಗೊತ್ತುಮಾಡುವುದನ್ನು ಬದಿಗಿಟ್ಟು, ಬಲ್ಲ ವಕೀಲರೊಬ್ಬರನ್ನು ಕರೆಸಿದೆವು. ಅಂದು ಆ ಕುಟುಂಬಕ್ಕೆ ತಿಳಿದುಬಂದ ಸಂಗತಿಗಳು ನಮ್ಮ ಓದುಗರೆಲ್ಲರಿಗೂ ತಿಳಿದಿರಲಿ ಎಂಬುದೇ ಈ ಲೇಖನದ ಉದ್ದೇಶ.

ಮನೆಯವರ ಒಪ್ಪಿಗೆ, ಹೊರಗಿನ ಮನ್ನಣೆ

ದತ್ತು ಸ್ವೀಕಾರಕ್ಕೆ ಎರಡು ಮುಖಗಳಿವೆ. ಮನೆಯೊಳಗೆ ಕೊಡುವವರು ಕೊಟ್ಟು ತೆಗೆದುಕೊಳ್ಳುವವರು ತೆಗೆದುಕೊಳ್ಳುವುದು ಒಂದು ಮುಖ. ಹೊರಗಿನ ಅಧಿಕಾರವು ಅದನ್ನು ಮನ್ನಿಸುವುದು ಇನ್ನೊಂದು ಮುಖ. ಈ ಎರಡರ ನಡುವೆ ಬಿರುಕು ಬಿಟ್ಟರೆ ಏನಾಗುವುದೆಂಬುದಕ್ಕೆ ನಮ್ಮ ನಾಡಿನ ಚರಿತ್ರೆಯೇ ಸಾಕ್ಷಿ ನುಡಿಯುತ್ತದೆ.

1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜ ದೇಸಾಯಿ ಮಕ್ಕಳಿಲ್ಲದೆ ಲಿಂಗೈಕ್ಯರಾದಾಗ ಶಿವಲಿಂಗಪ್ಪನೆಂಬ ಬಾಲಕನನ್ನು ಸಂಸ್ಥಾನಕ್ಕೆ ದತ್ತಕನನ್ನಾಗಿ ಮಾಡಿಕೊಳ್ಳಲಾಗಿತ್ತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ರಾಣಿ ಚೆನ್ನಮ್ಮಾಜಿಯವರು ತಲೆಬಾಗಲಿಲ್ಲ. ಅದೇ ವರ್ಷ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ನಮ್ಮ ಮೈಸೂರಿನಲ್ಲಿಯೂ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು. ಆ ಬಾಲಕನು ರಾಜ್ಯಕ್ಕೆ ಉತ್ತರಾಧಿಕಾರಿಯೆಂಬ ಮನ್ನಣೆ ಬ್ರಿಟಿಷ್ ಸರ್ಕಾರದಿಂದ ದೊರೆಯಲು 1867ರವರೆಗೆ ಕಾಯಬೇಕಾಯಿತು. ರಾಜ್ಯವು ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ.

ಅಂದು ಪರಕೀಯರು ಮನ್ನಣೆಯನ್ನು ತಡೆಹಿಡಿದದ್ದು ರಾಜ್ಯದ ಆಸೆಯಿಂದ. ಇಂದಿನ ಕಾನೂನು ಮನ್ನಣೆಗೆ ಮೊದಲು ನೂರು ಪ್ರಶ್ನೆಗಳನ್ನು ಕೇಳುವುದು ಮಗುವಿನ ಹಿತಕ್ಕಾಗಿ. ಈ ವ್ಯತ್ಯಾಸವನ್ನು ನಾವು ಮರೆಯಬಾರದು. ನಮ್ಮ ದೇಶದ ಮಕ್ಕಳನ್ನು ದತ್ತಿನ ಹೆಸರಿನಲ್ಲಿ ಹೊರದೇಶಗಳಿಗೆ ಸಾಗಿಸುವಾಗ ನಡೆಯುತ್ತಿದ್ದ ಅಕ್ರಮಗಳನ್ನು ಕುರಿತು ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸರ್ವೋಚ್ಚ ನ್ಯಾಯಾಲಯಕ್ಕೆ ಪತ್ರ ಬರೆದರು. ಆ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿ 1984ರ ಫೆಬ್ರವರಿ 6ರಂದು ನ್ಯಾಯಾಲಯವು ಕೊಟ್ಟ ತೀರ್ಪೇ ಇಂದಿನ ಕಟ್ಟುಪಾಡುಗಳಿಗೆ ತಳಹದಿಯಾಯಿತು. 1990ರಲ್ಲಿ ನವದೆಹಲಿಯಲ್ಲಿ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ ಸ್ಥಾಪನೆಯಾಯಿತು. ಜನರ ಬಾಯಲ್ಲಿ ಅದರ ಹೆಸರು 'ಕಾರಾ'.

ಬಂಧುಗಳೊಳಗಿನ ದತ್ತಕ

ಕೊಡುವವರೂ ತೆಗೆದುಕೊಳ್ಳುವವರೂ ಮಗುವೂ ಇಲ್ಲಿಯವರೇ ಆಗಿದ್ದರೆ ದಾರಿ ಸುಗಮವಾಗಿದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು ತನ್ನ ಎರಡನೆಯ ಕಲಮಿನಲ್ಲಿಯೇ ವೀರಶೈವ ಮತ್ತು ಲಿಂಗಾಯತ ಎಂಬ ಹೆಸರುಗಳನ್ನು ಸ್ಪಷ್ಟವಾಗಿ ಹೇಳಿದೆ. ಆದುದರಿಂದ ಅದು ನಮಗೆ ಅನ್ವಯಿಸುತ್ತದೆಯೇ ಎಂಬ ಸಂಶಯಕ್ಕೆ ಅವಕಾಶವಿಲ್ಲ. ದತ್ತಹೋಮ ಕಡ್ಡಾಯವಲ್ಲವೆಂದೂ ಆ ಕಾನೂನು ಸಾರಿದೆ. ಹೋಮವಿಲ್ಲದ ನಮ್ಮ ಆಚರಣೆಗೆ ಇದು ಅನುಕೂಲವಾಗಿಯೇ ಇದೆ. ಕೊಡುವ ಉದ್ದೇಶದಿಂದ ಕೊಟ್ಟು, ಪಡೆಯುವ ಉದ್ದೇಶದಿಂದ ಪಡೆಯುವುದೇ ಅಲ್ಲಿ ಮುಖ್ಯ.

ಹಾಗೆಂದು ಕಟ್ಟುಪಾಡುಗಳಿಲ್ಲವೆಂದಲ್ಲ. ಮಗುವಿಗೆ 15 ವರ್ಷ ತುಂಬಿರಬಾರದು. ಮಗ, ಮೊಮ್ಮಗ ಅಥವಾ ಮರಿಮಗ ಬದುಕಿರುವವರು ಈ ಕಾನೂನಿನಡಿ ಗಂಡುಮಗುವನ್ನು ದತ್ತು ಪಡೆಯುವಂತಿಲ್ಲ. ಮಗಳು ಅಥವಾ ಮಗನ ಮಗಳಿರುವವರು ಹೆಣ್ಣುಮಗುವನ್ನು ಪಡೆಯುವಂತಿಲ್ಲ. ಗಂಡಸು ಹೆಣ್ಣುಮಗುವನ್ನಾಗಲಿ, ಹೆಂಗಸು ಗಂಡುಮಗುವನ್ನಾಗಲಿ ದತ್ತು ಪಡೆಯುವಾಗ ಇಬ್ಬರ ವಯಸ್ಸಿನ ನಡುವೆ ಕನಿಷ್ಠ 21 ವರ್ಷಗಳ ಅಂತರವಿರಬೇಕು. ಮಗುವನ್ನು ಕೊಡುವ ಹಕ್ಕು ತಂದೆತಾಯಿಗಳದ್ದು. ಅವರು ಬದುಕಿರುವಾಗ ಅಜ್ಜ ಅಜ್ಜಿಯರು, ದೊಡ್ಡಪ್ಪ ಚಿಕ್ಕಪ್ಪಂದಿರು ಕೊಡಲಾಗದು. 2010ರ ತಿದ್ದುಪಡಿಯ ಬಳಿಕ ವಿವಾಹಿತ ಸ್ತ್ರೀಯೂ ಪತಿಯ ಒಪ್ಪಿಗೆಯೊಡನೆ ತಾನೇ ದತ್ತು ಪಡೆಯಬಹುದಾಗಿದೆ. ದತ್ತಿಗಾಗಿ ಹಣ ಕೊಡುವುದೂ ಪಡೆಯುವುದೂ ಅಪರಾಧ. ಒಮ್ಮೆ ನ್ಯಾಯಬದ್ಧವಾಗಿ ನಡೆದ ದತ್ತಕವನ್ನು ಮುಂದೆ ಮನಸ್ತಾಪ ಬಂದಿತೆಂದು ರದ್ದುಪಡಿಸಲಾಗದು.

ಇಂತಹ ದತ್ತಕಪತ್ರವನ್ನು ತಾಲ್ಲೂಕಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುವುದು ವಿವೇಕ. ಎರಡೂ ಕಡೆಯವರು ಸಹಿ ಹಾಕಿದ ನೋಂದಾಯಿತ ಪತ್ರವಿದ್ದರೆ, ವಿರುದ್ಧವಾಗಿ ರುಜುವಾತಾಗುವವರೆಗೆ ದತ್ತಕವು ಕಾನೂನುಬದ್ಧವೆಂದೇ ನ್ಯಾಯಾಲಯ ಭಾವಿಸುತ್ತದೆ. ನೋಟರಿಯ ಮೊಹರಿಗೆ ಆ ಬಲವಿಲ್ಲ. ನಮ್ಮ ಭಕ್ತರಲ್ಲಿ ಅನೇಕರು ಇಲ್ಲಿಯೇ ಎಡವುತ್ತಾರೆ. ಹತ್ತಿಪ್ಪತ್ತು ವರ್ಷಗಳ ನಂತರ ಜಮೀನಿನ ಖಾತೆ ಬದಲಾವಣೆಯ ಕಾಲಕ್ಕೆ ದಾಯಾದಿಗಳು ತಕರಾರು ತೆಗೆದಾಗ ಕಣ್ಣು ತೆರೆಯುತ್ತಾರೆ.

ಮಗು ಹೊರದೇಶದ ಪ್ರಜೆಯಾಗಿದ್ದರೆ

ಆ ಹಿರಿಯ ದಂಪತಿಗಳ ಸಂಗತಿ ಇದಕ್ಕಿಂತ ಭಿನ್ನವಾಗಿತ್ತು. ಅಮೆರಿಕದಲ್ಲಿ ಹುಟ್ಟಿದ ಅವರ ಮೊಮ್ಮಗ ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಅವನ ಕೈಯಲ್ಲಿರುವುದು ಆ ದೇಶದ ಪಾಸ್‌ಪೋರ್ಟ್. ರಕ್ತ ನಮ್ಮದಾದರೂ ಅವನನ್ನು ಕಾಯುವ ಹೊಣೆ ಆ ದೇಶದ್ದೂ ಆಗಿದೆ. ಇಲ್ಲಿ ಬರೆದುಕೊಂಡ ಪತ್ರವು ಕುಟುಂಬದ ಒಪ್ಪಿಗೆಗೆ ಸಾಕ್ಷಿಯಾದೀತೇ ಹೊರತು, ಆ ದೇಶದ ದಾಖಲೆಗಳಲ್ಲಿ ತಂದೆತಾಯಿಗಳ ಹೆಸರನ್ನು ಬದಲಾಯಿಸಲಾರದು. 16 ವರ್ಷದೊಳಗಿನ ಮಗುವಿಗೆ ಅಮೆರಿಕ ಕೊಡುವ ಪಾಸ್‌ಪೋರ್ಟಿನ ಅವಧಿ 5 ವರ್ಷ. ಹೊಸದನ್ನು ಪಡೆಯಲು ದಾಖಲೆಯಲ್ಲಿರುವ ತಂದೆತಾಯಿಗಳಿಬ್ಬರ ಒಪ್ಪಿಗೆಯೂ ಬೇಕು. ವೀಸಾ ಮುಗಿದಾಗ, ಮಗುವಿಗೆ ದೊಡ್ಡ ಕಾಯಿಲೆ ಬಂದಾಗ, ಆಸ್ತಿಯ ಮಾತು ಬಂದಾಗ, ಸಾಕಿದ ತಾಯಿ "ನಾನು ಇವನ ತಾಯಿ" ಎಂದರೆ ಸಾಲದು, ಅದಕ್ಕೆ ಆಧಾರ ತೋರಿಸಬೇಕಾಗುತ್ತದೆ.

ಇದು ಕಲ್ಪನೆಯ ಮಾತಲ್ಲ. 2025ರ ಜುಲೈ ತಿಂಗಳಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು ತೀರ್ಪಿತ್ತ ಒಂದು ಪ್ರಕರಣವು ಹೆಚ್ಚುಕಡಿಮೆ ಇದೇ ಬಗೆಯದು. ಭಾರತೀಯ ದಂಪತಿಗಳು 2019ರಲ್ಲಿ ಅಮೆರಿಕದಲ್ಲಿ ಹುಟ್ಟಿದ ತಮ್ಮ ಬಂಧುವಿನ ಮಗುವನ್ನು ಕೆಲವೇ ತಿಂಗಳ ಕೂಸಾಗಿದ್ದಾಗ ಇಲ್ಲಿಗೆ ಕರೆತಂದು ಸಾಕುತ್ತಿದ್ದರು. ದತ್ತಕವನ್ನು ನೋಂದಾಯಿಸಲು ಕಾರಾ ಒಪ್ಪಲಿಲ್ಲ. ಅವರು ನ್ಯಾಯಾಲಯಕ್ಕೆ ಹೋದರು. ಬಾಲನ್ಯಾಯ ಕಾನೂನು ಮತ್ತು ದತ್ತು ನಿಯಮಗಳು, ಪಾಲನೆ ರಕ್ಷಣೆಗಳ ಅಗತ್ಯವಿರುವ ಅಥವಾ ಕಾನೂನಿನೊಡನೆ ಸಂಘರ್ಷಕ್ಕೆ ಬಂದ ಮಗುವಲ್ಲದಿದ್ದರೆ, ವಿದೇಶೀ ಪ್ರಜೆಯಾದ ಮಗುವಿನ ದತ್ತಕಕ್ಕೆ ಅನ್ವಯಿಸುವುದಿಲ್ಲ, ಬಂಧುಗಳ ಮಗುವಾದರೂ ಅಷ್ಟೇ, ಎಂದು ಪೀಠ ಹೇಳಿತು. ಅಮೆರಿಕದ ಮಗುವನ್ನು ದತ್ತು ಪಡೆಯುವ ಮೂಲಭೂತ ಹಕ್ಕು ಭಾರತೀಯರಿಗೆ ಇಲ್ಲ; ಮೊದಲು ಆ ದೇಶದ ಕಾನೂನಿನಂತೆ ದತ್ತಕ ನಡೆಯಬೇಕು ಎಂದು ಅರ್ಜಿಯನ್ನು ತಳ್ಳಿಹಾಕಿತು. ಆರು ವರ್ಷ ಎದೆಗವಚಿಕೊಂಡು ಸಾಕಿದವರ ಗತಿಯೇ ಹೀಗಾದರೆ, ನಮ್ಮ ನೋಟರಿ ಕಾಗದದ ಪಾಡೇನು?

ಹಾಗಾದರೆ ಸರಿಯಾದ ಕ್ರಮ ಯಾವುದು? ಹೊರದೇಶದ ಮಗುವಿನ ವಿಷಯದಲ್ಲಿ ಮೊದಲ ಬಾಗಿಲು ಮಗು ನೆಲೆಸಿರುವ ದೇಶದಲ್ಲಿದೆ. ಆ ದೇಶದ ಕಾನೂನಿಗೆ ಅನುಸಾರವಾಗಿ ದತ್ತಕದ ವಿಧಿಗಳು ಅಲ್ಲಿಯೇ ನೆರವೇರಬೇಕು. ಅಮೆರಿಕದಲ್ಲಿ ಇದನ್ನು ಆಯಾ ರಾಜ್ಯದ ನ್ಯಾಯಾಲಯ ನೋಡುತ್ತದೆ. ಅಲ್ಲಿಯ ಮಾನ್ಯತೆ ಪಡೆದ ದತ್ತು ಸಂಸ್ಥೆಯ ನೆರವೂ ಬೇಕಾಗುತ್ತದೆ.

ಎರಡನೆಯ ಬಾಗಿಲು ನವದೆಹಲಿಯ ಕಾರಾ. ಅಂತರದೇಶೀಯ ದತ್ತಕವನ್ನು ಕುರಿತು 1993ರ ಮೇ 29ರಂದು ಹೇಗ್ ನಗರದಲ್ಲಿ ಒಂದು ಒಡಂಬಡಿಕೆ ರೂಪುಗೊಂಡಿತು. ಭಾರತದಲ್ಲಿ ಅದು 2003ರ ಅಕ್ಟೋಬರ್ 1ರಿಂದ, ಅಮೆರಿಕದಲ್ಲಿ 2008ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಒಡಂಬಡಿಕೆಗೆ ಸೇರಿದ ಪ್ರತಿಯೊಂದು ದೇಶದಲ್ಲಿಯೂ ಒಂದು ಕೇಂದ್ರ ಪ್ರಾಧಿಕಾರವಿರುತ್ತದೆ. ನಮ್ಮ ದೇಶಕ್ಕೆ ಅದು ಕಾರಾ. ದತ್ತು ಪಡೆಯುವವರ ಮನೆ, ಆರೋಗ್ಯ, ಆದಾಯ, ನಡೆನುಡಿಗಳನ್ನು ಕುರಿತ ಗೃಹ ಅಧ್ಯಯನ ವರದಿಯನ್ನೂ, ಆ ದೇಶದಿಂದ ಬರುವ ಮಗುವಿನ ಅಧ್ಯಯನ ವರದಿಯನ್ನೂ ನೋಡಿ, ಒಡಂಬಡಿಕೆಯ 5 ಮತ್ತು 17ನೆಯ ವಿಧಿಗಳ ಪ್ರಕಾರ ಕಾರಾ ಒಪ್ಪಿಗೆ ಕೊಡುತ್ತದೆ.

ಮೂರನೆಯ ಬಾಗಿಲು ಆ ದೇಶದಲ್ಲಿರುವ ಭಾರತದ ರಾಯಭಾರ ಕಚೇರಿ. ವಿದೇಶೀ ಪಾಸ್‌ಪೋರ್ಟ್ ಹೊಂದಿದ ಮಗುವಿಗೆ, ದತ್ತಕ ಕ್ರಮವಾಗಿ ನಡೆದಿದೆಯೆಂದು ದಾಖಲೆಗಳಿಂದ ಖಚಿತಪಡಿಸಿಕೊಂಡ ಮೇಲೆ, ಪ್ರವೇಶ ವೀಸಾ ಅಲ್ಲಿಯೇ ದೊರೆಯಬೇಕು. ಈ ಮೂರೂ ಬಾಗಿಲುಗಳನ್ನು ದಾಟಿದ ಮೇಲೆ ಮಗು ವಿಮಾನ ಹತ್ತಲಿ. ಮೊದಲು ಮಗುವನ್ನು ಪ್ರವಾಸಿಯಂತೆ ಕರೆತಂದು, ಆಮೇಲೆ ಕಾಗದ ಮಾಡಿಸೋಣವೆನ್ನುವುದು ದೊಡ್ಡ ತಪ್ಪು.

ಇಲ್ಲಿಯ ಮಗು ಹೊರದೇಶಕ್ಕೆ ಹೋಗುವುದಾದರೆ

ಇದರ ವಿಪರೀತ ಸಂದರ್ಭವೂ ಉಂಟು. ಹೊರದೇಶದಲ್ಲಿರುವ ಅಕ್ಕನು ಹುಣಸೂರಿನಲ್ಲಿರುವ ತಮ್ಮನ ಮಗುವನ್ನು ದತ್ತು ಬಯಸಬಹುದು. ಆಗ ಆಕೆ ತಾನು ನೆಲೆಸಿರುವ ದೇಶದ ಅಧಿಕೃತ ದತ್ತು ಸಂಸ್ಥೆ ಅಥವಾ ಕೇಂದ್ರ ಪ್ರಾಧಿಕಾರದ ಮೂಲಕ ಕಾರಾಕ್ಕೆ ಅರ್ಜಿ ಸಲ್ಲಿಸಬೇಕು. 1956ರ ಕಾನೂನಿನಡಿ ದತ್ತಕ ನಡೆದು, ಬಳಿಕ ಮಗುವನ್ನು ಹೊರದೇಶಕ್ಕೆ ಕರೆದೊಯ್ಯಬೇಕಾದಾಗ ಜಿಲ್ಲಾಧಿಕಾರಿಗಳ ಪರಿಶೀಲನೆಯೂ ಕಾರಾದ ನಿರಾಕ್ಷೇಪಣಾ ಪತ್ರವೂ ಬೇಕೆಂದು 2021ರಲ್ಲಿ ನಿಯಮ ಮಾಡಲಾಗಿದೆ. ಕ್ರಮಬದ್ಧವಾದ ಆದೇಶವಿಲ್ಲದೆ ಮಗುವನ್ನು ಹೊರದೇಶಕ್ಕೆ ಸಾಗಿಸಿದರೆ 3 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಉಂಟು.

ಅನಾಥ ಮಗುವನ್ನು ಬಯಸುವವರಿಗೆ

ಬಂಧುಗಳಲ್ಲಿ ಮಗುವಿಲ್ಲದೆ, ತಬ್ಬಲಿ ಮಗುವೊಂದಕ್ಕೆ ಮನೆಯಾಗಬೇಕೆಂದು ಬಯಸುವ ಸದ್ಭಕ್ತರಿಗೆ 2015ರ ಬಾಲನ್ಯಾಯ ಅಧಿನಿಯಮವೇ ದಾರಿ. ಇದಕ್ಕೆ ಜಾತಿಮತಗಳ ಭೇದವಿಲ್ಲ. ಮನೆಯಲ್ಲಿ ಮಗನಿದ್ದವರು ಮತ್ತೊಂದು ಗಂಡುಮಗುವನ್ನು ಪಡೆಯಲೂ ಇದರಲ್ಲಿ ಅಡ್ಡಿಯಿಲ್ಲ. ಆದರೆ ಎರಡು ಅಥವಾ ಹೆಚ್ಚು ಮಕ್ಕಳಿರುವವರಿಗೆ ವಿಶೇಷ ಆರೈಕೆ ಬೇಕಾದ ಮಕ್ಕಳೂ ಸುಲಭವಾಗಿ ಮನೆ ದೊರೆಯದ ಮಕ್ಕಳೂ ಮಾತ್ರ ದೊರೆಯುತ್ತಾರೆ. 2022ರ ನಿಯಮಗಳಂತೆ, ಎರಡು ವರ್ಷದವರೆಗಿನ ಮಗುವನ್ನು ಪಡೆಯಲು ದಂಪತಿಗಳ ಒಟ್ಟು ವಯಸ್ಸು 85 ಮೀರಿರಬಾರದು. ಮಗುವಿನ ವಯಸ್ಸು ಹೆಚ್ಚಿದಂತೆ ಈ ಮಿತಿಯೂ 90, 100, 110 ಎಂದು ಏರುತ್ತದೆ. ಸಾಮಾನ್ಯವಾಗಿ ಎರಡು ವರ್ಷಗಳ ಸ್ಥಿರ ದಾಂಪತ್ಯವಿರಬೇಕು. ಒಂಟಿ ಪುರುಷನಿಗೆ ಹೆಣ್ಣುಮಗು ದೊರೆಯುವುದಿಲ್ಲ. ಎಳೆಯ ಕೂಸಿಗಾಗಿ ವರ್ಷಗಟ್ಟಲೆ ಕಾಯುವ ತಾಳ್ಮೆಯೂ ಬೇಕು.

ಇಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳವರಿಗೆ ಒಂದು ಕಿವಿಮಾತು. ಜಮೀನು ವ್ಯಾಜ್ಯಗಳಿಗಾಗಿ ಹುಣಸೂರಿನ ಉಪವಿಭಾಗಾಧಿಕಾರಿಗಳ ಕಚೇರಿಗೆ ಅಲೆದು ರೂಢಿಯಾಗಿರುವ ನಾವು ದತ್ತಿನ ಕೆಲಸವೂ ಅಲ್ಲಿಯೇ ಆಗುವುದೆಂದು ಭಾವಿಸುತ್ತೇವೆ. ಆಗದು. ತಹಸೀಲ್ದಾರರಿಗೂ ಆ ಅಧಿಕಾರವಿಲ್ಲ. 2022ರ ಸೆಪ್ಟೆಂಬರ್ 1ಕ್ಕೆ ಮೊದಲು ಇಂತಹ ದತ್ತಕದ ಆದೇಶವನ್ನು ನ್ಯಾಯಾಲಯ ಕೊಡುತ್ತಿತ್ತು. ಅಂದಿನಿಂದ ಜಿಲ್ಲಾ ದಂಡಾಧಿಕಾರಿಗಳಾದ ಜಿಲ್ಲಾಧಿಕಾರಿಗಳೇ ಕೊಡುತ್ತಾರೆ. ನಮಗೆ ಅದು ಮೈಸೂರು. ಹೋಗಬೇಕಾದ ಮೊದಲ ಕಚೇರಿಯೆಂದರೆ ಮೈಸೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಅಲ್ಲಿಗೆ ದಾರಿ ತೋರಿಸಲು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು. ಅರ್ಜಿಯನ್ನು ಕಾರಾದ ಅಂತರ್ಜಾಲ ತಾಣದಲ್ಲಿ ತುಂಬಬೇಕು. ನಡುವೆ ದಲ್ಲಾಳಿಗಳ ಅಗತ್ಯವೇ ಇಲ್ಲ.

ಮಠ ಮಂದಿರಗಳವರೂ ತಿಳಿಯಬೇಕಾದ ಒಂದು ಸಂಗತಿಯಿದೆ. ಜಾತ್ರೆಯಲ್ಲಿಯೋ ಮಠದ ಜಗುಲಿಯ ಮೇಲೆಯೋ ಯಾರಾದರೂ ಕೂಸನ್ನು ಬಿಟ್ಟುಹೋದರೆ, ಅದನ್ನು ಶಿವನಿತ್ತ ಪ್ರಸಾದವೆಂದು ಮಕ್ಕಳಿಲ್ಲದ ಭಕ್ತರ ಕೈಗೆ ಕೊಟ್ಟುಬಿಡುವುದು ಹಿಂದೆ ನಡೆಯುತ್ತಿತ್ತು. ಇಂದು ಅದು ಅಪರಾಧ. 24 ಗಂಟೆಗಳೊಳಗೆ 1098 ಸಹಾಯವಾಣಿಗೆ, ಪೊಲೀಸರಿಗೆ, ಮಕ್ಕಳ ಕಲ್ಯಾಣ ಸಮಿತಿಗೆ ಅಥವಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಲೇಬೇಕು. ಆ ಕೂಸಿಗೆ ಹೆತ್ತವರಿರಬಹುದು. ಅದನ್ನು ಯಾರಾದರೂ ಕದ್ದು ತಂದಿರಲೂಬಹುದು. ಎಲ್ಲಿಯೋ ಒಬ್ಬ ತಾಯಿ ಹುಡುಕುತ್ತಾ ಅಳುತ್ತಿರುವಾಗ ನಮ್ಮ ಮನೆಯ ತೊಟ್ಟಿಲು ತೂಗುವುದು ಧರ್ಮವಾಗಲಾರದು. ತಂದೆತಾಯಿಗಳು ತಾವಾಗಿಯೇ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಿದರೂ ಮನಸ್ಸು ಬದಲಾಯಿಸಲು ಅವರಿಗೆ ಎರಡು ತಿಂಗಳ ಕಾಲಾವಕಾಶವನ್ನು ಕಾನೂನು ಇಟ್ಟಿರುವುದು ಇದೇ ಕರುಣೆಯಿಂದ.

ಹೊರದೇಶದಿಂದ ಅನಾಥ ಮಗುವನ್ನು ಬೇಗ ತರಿಸಿಕೊಡುತ್ತೇವೆಂದು ಹಣ ಕೇಳುವವರ ಮಾತನ್ನು ನಂಬಲೇಬೇಡಿ. ಲೋಕದಲ್ಲಿ ಆ ಬಾಗಿಲುಗಳೇ ಮುಚ್ಚುತ್ತಿವೆ. ಇಥಿಯೋಪಿಯ 2018ರಲ್ಲಿ ವಿದೇಶೀಯರಿಗೆ ದತ್ತು ಕೊಡುವುದನ್ನು ನಿಷೇಧಿಸಿತು. ಚೀನಾ 2024ರಲ್ಲಿ, ಹತ್ತಿರದ ರಕ್ತಸಂಬಂಧಿಗಳು ಮತ್ತು ಮಲಮಕ್ಕಳ ಪ್ರಸಂಗಗಳನ್ನು ಬಿಟ್ಟು, ಅದನ್ನು ನಿಲ್ಲಿಸಿತು. ಮಗುವಿಗೆ ತನ್ನ ನಾಡಿನಲ್ಲಿಯೇ ಮನೆ ದೊರೆಯುವುದು ಮೇಲೆಂಬ ಅಭಿಪ್ರಾಯ ಎಲ್ಲೆಡೆ ಬಲಗೊಳ್ಳುತ್ತಿದೆ.

ಲಿಂಗಧಾರಣೆಗೆ ಯಾರ ಅಪ್ಪಣೆ?

ವಕೀಲರು ಇಷ್ಟನ್ನೂ ವಿವರಿಸಿದ ಮೇಲೆ ಯಜಮಾನರು ಮೌನವಾಗಿ ಕಾಗದವನ್ನು ಮಡಿಸಿದರು. ಅದುವರೆಗೆ ಸುಮ್ಮನಿದ್ದ ಅವರ ಧರ್ಮಪತ್ನಿ ಕಣ್ಣೊರೆಸಿಕೊಳ್ಳುತ್ತಾ ಕೇಳಿದರು: "ಶಾಸ್ತ್ರಿಗಳೇ, ನನ್ನ ಮೊಮ್ಮಗನಿಗೆ ಲಿಂಗ ಕಟ್ಟುವುದಕ್ಕೂ ಸರ್ಕಾರದ ಅಪ್ಪಣೆ ಬೇಕೇ?"

ನಾವು ಹೇಳಿದೆವು: "ಬೇಡ ತಾಯಿ. ಇಷ್ಟಲಿಂಗಕ್ಕೆ ಪಾಸ್‌ಪೋರ್ಟ್ ಇಲ್ಲ. ದಸರೆಗೆ ಮಗು ತಾಯಿಯೊಡನೆ ಬರಲಿ, ಲಿಂಗಧಾರಣೆಯಾಗಲಿ, ತಾಯಿಯೊಡನೆಯೇ ಹಿಂದಿರುಗಲಿ. ಲಿಂಗಧಾರಣೆ ಅವನನ್ನು ಶಿವನ ಮಗನನ್ನಾಗಿ ಮಾಡುತ್ತದೆ. ನಿಮ್ಮ ಮಗನ ಮಗನನ್ನಾಗಿ ಮಾಡುವುದು ಬೇರೆಯ ಕೆಲಸ. ಅದಕ್ಕೆ ಬೇರೆಯ ಬಾಗಿಲು."

ಆ ತಾಯಿ ಸ್ವಲ್ಪ ಹೊತ್ತು ಯೋಚಿಸಿ, "ಅಷ್ಟು ದಿನ ನಾವಿರುತ್ತೇವೋ ಇಲ್ಲವೋ" ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆದರೆ ಅವರ ಸೊಸೆ ಆಡಿದ ಮಾತು ನಮ್ಮ ನೆನಪಿನಲ್ಲಿ ಉಳಿದಿದೆ. "ಅತ್ತೆಯವರೇ, ಹದಿನಾಲ್ಕು ವರ್ಷ ಕಾದಿದ್ದೇನೆ. ಇನ್ನೆರಡು ವರ್ಷ ಕಾಯುತ್ತೇನೆ. ನಾಳೆ ಯಾರಾದರೂ ಬಂದು ಇವನು ನಿನ್ನವನಲ್ಲ ಎಂದರೆ ತಡೆದುಕೊಳ್ಳುವ ಶಕ್ತಿ ನನಗಿಲ್ಲ" ಎಂದಳು ಆ ಸಾಧ್ವಿ.

ದಸರೆಯಲ್ಲಿ ಮಗು ಬಂದಿತು. ಲಿಂಗಧಾರಣೆ ನಮ್ಮ ಸಮಕ್ಷಮದಲ್ಲಿಯೇ ನೆರವೇರಿತು. ತಿಂಗಳು ಕಳೆದು ಅದು ತಾಯಿಯೊಡನೆ ಹಿಂದಿರುಗಿತು. ಅಲ್ಲಿಯ ವಕೀಲರೊಡನೆ ಮಾತುಕತೆ ನಡೆದಿದೆ. ಇಲ್ಲಿಂದ ಕಾರಾಕ್ಕೆ ಪತ್ರ ಹೋಗಿದೆ. ಕೆಲಸ ಇನ್ನೂ ಮುಗಿದಿಲ್ಲ.

ಕುಲಗೋತ್ರಗಳನ್ನು ಎಣಿಸದೆ ಬಂದವರನ್ನು ತಮ್ಮವರೆಂದು ಅಪ್ಪಿಕೊಂಡ ಪರಂಪರೆ ನಮ್ಮದು. ಅಪ್ಪಿಕೊಂಡ ಮಗುವನ್ನು ನಾಳೆ ಯಾರೂ ನಮ್ಮ ತೋಳಿನಿಂದ ಬಿಡಿಸದಂತೆ ನೋಡಿಕೊಳ್ಳುವುದೂ ಆ ಪ್ರೀತಿಯ ಭಾಗವೇ ಸರಿ. ಮಕ್ಕಳನ್ನು ಬಯಸುವ ಎಲ್ಲ ಶರಣ ಕುಟುಂಬಗಳಿಗೆ ಶಿವನು ತಾಳ್ಮೆಯನ್ನೂ ಸರಿಯಾದ ದಾರಿಯನ್ನೂ ಕರುಣಿಸಲಿ.